ಗೋವಿಂದಮ್ಮನ ಕಳ್ಳಿಗೆ ಬೂಷ್ಟು ಬಂದದ್ದು

ಮುರಿದು ಬೇಲಿಗೆ ಎಸೆದರೂ ಬೇರು ಬಿಡುವ ಗಿಡವೊಂದನ್ನು ಏರ್ ಕಂಡೀಷನರ್ ಕೋಣೆಯಲ್ಲಿ, ಗಾಜಿನ ಬಾಟಲಿಯೊಳಗೆ, ಸಕ್ಕರೆ ಬೆರೆಸಿದ ಆಹಾರ ತಿನ್ನಿಸಿ ಬೆಳೆಸುವ ಕೆಲಸಕ್ಕೆ ದೇವಸಂದ್ರದ ಗೋವಿಂದಮ್ಮ ಸೇರಿದ್ದು 1997ರ ಬೇಸಿಗೆಯಲ್ಲಿ. ಗಿಡದ ಹೆಸರು ಡ್ರ್ಯಾಗನ್ ಫ್ರೂಟ್, ಕುಲದಲ್ಲಿ ಕಳ್ಳಿ. ಕೆಲಸ ಕೊಟ್ಟವರು ಶ್ರೀಕಂಠಯ್ಯ. ಜಾಗ, ಟಿನ್ ಫ್ಯಾಕ್ಟರಿಯಿಂದ ವೈಟ್‌ಫೀಲ್ಡ್ ಕಡೆಗೆ ಹೋಗುವ ರಸ್ತೆಯಲ್ಲಿ ಹಿಂದೆ ರಬ್ಬರ್ ವಾಷರ್ ತಯಾರಾಗುತ್ತಿದ್ದ ಒಂದು ಶೆಡ್ಡು. ಅದಕ್ಕೆ ಬಿಳಿ ಟೈಲ್ಸ್ ಹಾಕಿಸಿ, ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿಸಿ, 'ಅನಸೂಯಾ ಬಯೋ ಪ್ಲಾಂಟ್ಸ್' ಎಂದು ಬೋರ್ಡು ಬರೆಸಲಾಗಿತ್ತು. ಅನಸೂಯ ಎಂದರೆ ಶ್ರೀಕಂಠಯ್ಯನವರ ಹೆಂಡತಿ. ಬೋರ್ಡು ನೇತುಹಾಕಿದ ದಿನವೇ ಅವರಿಗೂ ಈ ವಿಷಯ ತಿಳಿದದ್ದು.

ಶ್ರೀಕಂಠಯ್ಯ ಇಂದಿರಾನಗರದವರು. ಸರ್ಕಾರಿ ಟೆಲಿಫೋನ್ ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ಇಪ್ಪತ್ತೇಳು ವರ್ಷ ಇದ್ದು, ಬೇರೆಯವರು ಮಾಡಿದ ವಸ್ತುವಿನಲ್ಲಿ ತಪ್ಪು ಕಂಡುಹಿಡಿಯುವುದನ್ನೇ ಬದುಕು ಮಾಡಿಕೊಂಡಿದ್ದರು. ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ತಪ್ಪು ಹುಡುಕಲು ಮನೆಯವರು ಮಾತ್ರ ಉಳಿದರು. ಮನೆಯವರು ಸಹಕರಿಸಲಿಲ್ಲ. ಆ ಬೇಸರದಲ್ಲಿ ನಿವೃತ್ತರ ಗುಂಪೊಂದರ ಜೊತೆ ಬ್ಯಾಂಕಾಕಿಗೆ ಹೋದವರು, ಅಲ್ಲಿನ ತೋಟವೊಂದರಲ್ಲಿ ಗುಲಾಬಿ ಬಣ್ಣದ, ಮೈತುಂಬ ಹಸಿರು ಕಿವಿಗಳಿದ್ದ ಹಣ್ಣೊಂದನ್ನು ಕಂಡರು. ತಿಂದು ನೋಡಿ, ರುಚಿಯೇನೂ ಇಲ್ಲ ಎಂದು ತೀರ್ಮಾನಿಸಿದರು. ಇಷ್ಟು ಚೆಂದ ಕಾಣುವ, ಇಷ್ಟು ಸಪ್ಪೆಯಾದ ಹಣ್ಣಿಗೆ ಬೆಂಗಳೂರಿನಲ್ಲಿ ದೊಡ್ಡ ಭವಿಷ್ಯವಿದೆ ಎಂದೂ ತೀರ್ಮಾನಿಸಿದರು. ಅವರ ಅಂದಾಜುಗಳಲ್ಲಿ ಮುಂದೆ ನಿಜವಾದದ್ದು ಇದೊಂದೇ. ಮೊಳದುದ್ದದ ಒಂದು ಕಾಂಡ ಒದ್ದೆ ಪಂಚೆಯಲ್ಲಿ ಸುತ್ತಿಕೊಂಡು ಅವರ ಪೆಟ್ಟಿಗೆಯಲ್ಲಿ ಬಂತು. ವಿಮಾನ ನಿಲ್ದಾಣದಲ್ಲಿ ಯಾರೋ ಪೆಟ್ಟಿಗೆ ತೆರೆಸಿ ನೋಡಿದರಂತೆ. ಪರರ ಒದ್ದೆ ಪಂಚೆಯನ್ನು ಬಿಚ್ಚಿ ನೋಡುವಷ್ಟು ದೇಶಸೇವೆ ಅವರಿಂದಾಗಲಿಲ್ಲ.

ಇದ್ದದ್ದು ಒಂದು ಕಾಂಡ, ಬೇಕಾದದ್ದು ಸಾವಿರಾರು ಗಿಡ. ನೆಲಕ್ಕೆ ಚುಚ್ಚುತ್ತಾ ಕೂತರೆ ಹತ್ತು ವರ್ಷ ಹಿಡಿಯುತ್ತದೆ, ಟಿಶ್ಯೂ ಕಲ್ಚರೇ ಆಗಬೇಕು ಎಂದವನು ಶಿಶಿರ್. ಶ್ರೀಕಂಠಯ್ಯನವರ ತಂಗಿಯ ಮಗ, ಲಿಂಗರಾಜಪುರದವನು, ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಯಾರಾದರೂ ಕರೆದಾರೆಂದು ಕಾಯುತ್ತಿದ್ದವನು. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಕಳ್ಳಿಯ ಕಾಂಡದಲ್ಲಿ ಮುಳ್ಳಿನ ಗೊಂಚಲಿರುವ ಪ್ರತಿ ಜಾಗದ ಕೆಳಗೂ ಒಂದು ಮೊಗ್ಗು ನಿದ್ದೆ ಮಾಡುತ್ತಿರುತ್ತದೆ. ಅಷ್ಟು ಭಾಗವನ್ನು ಬೆರಳುಗುರಿನಷ್ಟಕ್ಕೆ ಕತ್ತರಿಸಿ, ಔಷಧಿಯಲ್ಲಿ ತೊಳೆದು, ಬಾಟಲಿಯಲ್ಲಿ ಹೆಪ್ಪುಗಟ್ಟಿಸಿದ ಆಹಾರದ ಮೇಲೆ ಕೂರಿಸಿ ಟ್ಯೂಬ್‌ಲೈಟಿನ ಕೆಳಗಿಟ್ಟರೆ, ಆರು ವಾರದಲ್ಲಿ ನಾಲ್ಕೈದು ಚಿಗುರು ಬರುತ್ತವೆ. ಅವನ್ನು ಬಿಡಿಸಿ ಹೊಸ ಬಾಟಲಿಗಳಿಗೆ ಹಾಕಿದರೆ ಮತ್ತೆ ಆರು ವಾರದಲ್ಲಿ ಇಪ್ಪತ್ತು. ಗಣಿತ ಬಲ್ಲವರಿಗೆ ಬಾಯಲ್ಲಿ ನೀರೂರುವ ವ್ಯವಹಾರ. ಒಂದೇ ಷರತ್ತು, ಬಾಟಲಿಯೊಳಗೆ ಕಣ್ಣಿಗೆ ಕಾಣದ ಒಂದು ಧೂಳಿನ ಕಣವೂ ಹೋಗಬಾರದು. ಸಕ್ಕರೆ, ಲವಣ, ಹದವಾದ ಕೋಣೆ, ಗಿಡಕ್ಕೆ ಹಿತವಾದದ್ದೆಲ್ಲ ಬೂಷ್ಟಿಗೆ ಇನ್ನೂ ಹಿತ.

ಆದ್ದರಿಂದ ಕತ್ತರಿಸುವ ಕೆಲಸ ನಡೆಯುವುದು ಲ್ಯಾಮಿನಾರ್ ಎಂಬ ಪೆಟ್ಟಿಗೆಯ ಮುಂದೆ. ಬಾಗಿಲಿಲ್ಲದ ಬೀರುವಿನಂಥ ಅದರ ಹಿಂಗೋಡೆಯೇ ಗಾಳಿ ಸೋಸುವ ಪರದೆ. ಸೋಸಿದ ಗಾಳಿ ದಿನವಿಡೀ ಕತ್ತರಿಸುವವರ ಮುಖಕ್ಕೆ ಬೀಸುತ್ತದೆ. ತಲೆಗೆ ಟೋಪಿ, ಬಾಯಿಗೆ ಬಟ್ಟೆ, ಮೈಗೆ ಗೌನು, ಎಡಗೈಯಲ್ಲಿ ಚಿಮುಟ, ಬಲಗೈಯಲ್ಲಿ ಚಾಕು, ಮುಂದೆ ಸ್ಪಿರಿಟ್ ದೀಪ. ಕಳ್ಳಿಯಿಂದ ಸುರಿಯುವ ಲೋಳೆಗೆ ತುಂಡು ಚಿಮುಟದಿಂದ ಜಾರಿ ಓಡುತ್ತದೆ. ಬೇರೆ ಲ್ಯಾಬುಗಳಲ್ಲಿ ಬಾಳೆಯ ಕುಡಿ ಕತ್ತರಿಸಿ ಪಳಗಿದ ಕೈಗಳೂ ಇದಕ್ಕೆ ಸೋಲುತ್ತವೆ. ಶಿಶಿರ್ ಕತ್ತರಿಸಿದ ಮೊದಲ ಐವತ್ತು ತುಂಡುಗಳಲ್ಲಿ ಹದಿನಾಲ್ಕು ನೆಲದ ಮೇಲೆ ಸಿಕ್ಕವು. ಅದಾದ ಮೇಲೆ ಅವನು ಕತ್ತರಿಸುವ ಕೆಲಸ ವಿಜ್ಞಾನಿಗಳದ್ದಲ್ಲ ಎಂಬ ತತ್ವಕ್ಕೆ ಬಂದ.

ಆಗ ಶ್ರೀಕಂಠಯ್ಯನವರಿಗೆ ಗೋವಿಂದಮ್ಮನ ನೆನಪಾಯಿತು. ಆಕೆ ಹತ್ತು ವರ್ಷ ಕೆ.ಆರ್. ಪುರದ ಒಂದು ಸಣ್ಣ ಘಟಕದಲ್ಲಿ, ಅವರ ಕಾರ್ಖಾನೆಗೆಂದೇ, ಟೆಲಿಫೋನ್ ರಿಲೇಗಳಿಗೆ ಕೂದಲಿನಂಥ ತಾಮ್ರದ ತಂತಿಯನ್ನು ಸುತ್ತುತ್ತಿದ್ದವಳು. ಪ್ರತಿ ಸುರುಳಿಯ ಮೇಲೂ ಸುತ್ತಿದವರ ನಂಬರ್ ಇರುತ್ತಿತ್ತು. ತಪಾಸಣೆಯ ಮೇಜಿನ ಮೇಲೆ ಶ್ರೀಕಂಠಯ್ಯ ಸಾವಿರಗಟ್ಟಲೆ ಸುರುಳಿಗಳನ್ನು ತಿರಸ್ಕರಿಸಿದ್ದರು. ಹದಿನೇಳನೇ ನಂಬರಿನದ್ದನ್ನು ತಿರಸ್ಕರಿಸಲು ಕಾರಣ ಸಿಗದೆ ಒಮ್ಮೆ ಖುದ್ದಾಗಿ ಹೋಗಿ, ಅದು ಯಾರು ಎಂದು ನೋಡಿ ಬಂದಿದ್ದರು. ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳು ಬಂದು ರಿಲೇಗಳು ಗುಜರಿಗೆ ಹೋದ ಮೇಲೆ ಆ ಘಟಕ ಮುಚ್ಚಿತು. ಗೋವಿಂದಮ್ಮ ಮನೆಯಲ್ಲಿ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಗಂಡ ಲಾರಿ ಡ್ರೈವರು, ತಿಂಗಳಿಗೆ ನಾಲ್ಕು ದಿನ ಮನೆಗೆ ಅತಿಥಿ. ಮನೆಯ ಯಜಮಾನಿಕೆ ಮಾವ ದೊಡ್ಡಮುನಿಯಪ್ಪನದು. ಅವನು ರೈಲ್ವೆಯಲ್ಲಿ ಹಳಿ ಕಾಯ್ದು ನಿವೃತ್ತನಾದವನು, ಹದಿನೈದು ವರ್ಷದ ಹಿಂದೆ ಮನೆಯ ದೇವರ ಪಟಗಳನ್ನೆಲ್ಲ ಇಳಿಸಿ, ಬುದ್ಧನನ್ನೂ ಬಾಬಾಸಾಹೇಬರನ್ನೂ ಗೋಡೆಗೆ ಏರಿಸಿದವನು. ಊದುಬತ್ತಿ ಹೊಸೆಯುವ ಮನೆಯಲ್ಲಿ ಊದುಬತ್ತಿ ಹಚ್ಚುವವರಿರಲಿಲ್ಲ.

ಗೋವಿಂದಮ್ಮನಿಗೆ ಚಿಮುಟ ಹಿಡಿಯಲು ಬೇಕಾದದ್ದು ಒಂದು ಮಧ್ಯಾಹ್ನ. ಮೂರನೇ ತಿಂಗಳಿಗೆ ಆಕೆ ದಿನಕ್ಕೆ ತೊಂಬತ್ತು ಬಾಟಲಿ ಮುಗಿಸುತ್ತಿದ್ದಳು. ನೂರಕ್ಕೆ ಒಂದೂ ಕೆಡುತ್ತಿರಲಿಲ್ಲ. ಬಾಗಿಲಲ್ಲೇ ಗಾಜಿನ ಬಳೆ ಕಳಚಿ ಮೊಳೆಗೆ ಸಿಕ್ಕಿಸಿ ಒಳಗೆ ಹೋಗುವುದು ಕ್ರಮ. ಜೊತೆಗೆ ಸೇರಿದ ಭೀಮಬಾಯಿ ಮುತ್ತೈದೆ ಬಳೆ ತೆಗೆಯಬಾರದೆಂದು ಎರಡು ದಿನ ಅತ್ತಳು. ಗೋವಿಂದಮ್ಮ ತೆಗೆದಿಟ್ಟು, ಗಂಡ ಹುಬ್ಬಳ್ಳಿಯಲ್ಲಿ ಆರೋಗ್ಯವಾಗಿದ್ದಾನೆಂದು ಪಕ್ಕದ ಟೆಲಿಫೋನ್ ಬೂತಿನಿಂದ ಖಚಿತಪಡಿಸಿಕೊಂಡು ಕೆಲಸಕ್ಕೆ ಕೂತಳು.

ಬಾಟಲಿಗಳು ಬರುತ್ತಿದ್ದದ್ದು ಶಿವಾಜಿನಗರದ ಗುಜರಿಯಿಂದ. ಹೋಟೆಲುಗಳು ಖಾಲಿ ಮಾಡಿದ ಜಾಮಿನ ಸೀಸೆಗಳನ್ನು ಸನಾವುಲ್ಲಾ ಎಂಬಾತ ಆಟೋದಲ್ಲಿ ತುಂಬಿಕೊಂಡು ತರುತ್ತಿದ್ದ. ಅಪ್ಪಟ ವಿಜ್ಞಾನದ ಆ ಕೋಣೆಯಲ್ಲಿ ಗಿಡಗಳು ಬೆಳೆಯುತ್ತಿದ್ದದ್ದು ಅನಾನಸ್ ಜಾಮಿನ ಚೀಟಿ ಅರ್ಧ ಹರಿದ ಸೀಸೆಗಳಲ್ಲಿ.

ಬಂದ ನೆಂಟರಿಷ್ಟರಿಗೆ ಶ್ರೀಕಂಠಯ್ಯ ಆ ಕೋಣೆಯನ್ನು ವಿವರಿಸುತ್ತಿದ್ದದ್ದು, ನಮ್ಮ ಮಡಿ ಇದ್ದಹಾಗೆ ಎಂದು. ಎಲ್ಲರಿಗೂ ತಕ್ಷಣ ಅರ್ಥವಾಗುತ್ತಿತ್ತು. ಆ ಮಡಿಯ ಕಾವಲಿಗೆ ಕೂತವಳು ದೊಡ್ಡಮುನಿಯಪ್ಪನ ಸೊಸೆ ಎಂಬುದನ್ನು ಅವರು ವಿವರಿಸುತ್ತಿರಲಿಲ್ಲ. ಇಂದಿರಾನಗರದ ಅವರ ಅಡುಗೆಮನೆಗೆ ಆಕೆಯ ಪೈಕಿ ಯಾರೂ ಕಾಲಿಟ್ಟಿರಲಿಲ್ಲ. ಇಲ್ಲಿ ಅವರು ಒಳಗೆ ಬರಬೇಕಾದರೆ ಆಕೆಯನ್ನು ಕೇಳಬೇಕಿತ್ತು. ಒಮ್ಮೆ ಅನಸೂಯಮ್ಮ ಮಲ್ಲಿಗೆ ಮುಡಿದು, ರೇಷ್ಮೆ ಉಟ್ಟು, ತಮ್ಮದೇ ಹೆಸರಿನ ಲ್ಯಾಬನ್ನು ನೋಡಲು ಬಂದಾಗ ಗೋವಿಂದಮ್ಮ ಬಾಗಿಲಲ್ಲಿ ಕೈ ಅಡ್ಡ ಹಿಡಿದಳು.

"ಅಲ್ಲೇ ನಿಂತ್ಕೊಳ್ಳಿ ಅಮ್ಮಾ. ಹೂವ ತೆಗೀರಿ, ಕಾಲ್ ತೊಳ್ಕೊಳ್ಳಿ, ಗೌನ್ ಹಾಕ್ಕೊಳ್ಳಿ. ಆಮೇಲೆ ಬನ್ನಿ."

ಅನಸೂಯಮ್ಮ ಬಾಗಿಲಲ್ಲೇ ನಿಂತು ಗಾಜಿನಲ್ಲಿ ನೋಡಿ ವಾಪಸಾದರು. ಬೇರೆಯವರನ್ನು ಹೊಸ್ತಿಲಾಚೆ ನಿಲ್ಲಿಸಿ ಅವರಿಗೆ ಅಭ್ಯಾಸವಿತ್ತು. ತಾವು ನಿಂತು ಅಭ್ಯಾಸವಿರಲಿಲ್ಲ.

ಗೋವಿಂದಮ್ಮನಿಗೆ ಇಷ್ಟವಾದದ್ದು ಆ ಅಧಿಕಾರವಲ್ಲ. ಲ್ಯಾಮಿನಾರ್‌ನ ಮುಂದಿದ್ದ, ಕಬ್ಬಿಣದ ಕಾಲಿನ ಮೊದಲನೇ ಸ್ಟೂಲು. ಅಲ್ಲಿ ಕೂತರೆ ಎಂಟು ಗಂಟೆ ಯಾರೂ ಮಾತಾಡಿಸುವಂತಿಲ್ಲ, ಯಾರೂ ಮುಟ್ಟುವಂತಿಲ್ಲ, ಒಂದು ಲೋಟ ನೀರು ತಾ ಎನ್ನುವಂತಿಲ್ಲ. ಕೈಗೆ ಬಂದ ವಿದ್ಯೆಯೊಂದನ್ನು ಟೆಲಿಫೋನಿನವರು ಕಸಿದುಕೊಂಡಿದ್ದರು. ಎರಡನೆಯದನ್ನು ಬಿಟ್ಟುಕೊಡುವ ಮನಸ್ಸು ಆಕೆಗಿರಲಿಲ್ಲ. ಮಾವನಿಗೆ ಮಾತ್ರ ಈ ಕೆಲಸ ಅರ್ಥವಾಗಲಿಲ್ಲ. ಲ್ಯಾಬಿನ ಕಸದಿಂದ ಆಕೆ ತಂದ ಕಳ್ಳಿಯ ಚೂರೊಂದನ್ನು ಅವನು ಒಡಕು ಬಕೆಟ್ಟಿನ ಮಣ್ಣಿಗೆ ಚುಚ್ಚಿದ್ದ. ಅದು ಆಸ್ಬೆಸ್ಟಾಸ್ ಛಾವಣಿ ಹತ್ತಿತ್ತು.

"ಇದು ಹಿಂಗೇ ಬರ್ತದಲ್ಲಮ್ಮಾ," ಎಂದು ಅವನು ಕೇಳಿದ. "ಅಲ್ಲಿ ಏಸಿ ಯಾರ್ಗೆ?"

"ಅದು ಸಾಹೇಬ್ರಿಗೆ ಮಾವಾ," ಎಂದಳು ಗೋವಿಂದಮ್ಮ.

1999ರಲ್ಲಿ ಲ್ಯಾಬಿಗೆ ಮೊದಲ ದೊಡ್ಡ ಗಿರಾಕಿ ಸಿಕ್ಕಿದ. ಹೊಸಕೋಟೆಯಾಚೆ ತೋಟ ಮಾಡಿದ್ದ ಒಬ್ಬ ಹೋಟೆಲ್ ಮಾಲೀಕ, ಮುಂದಿನ ಮಳೆಗಾಲಕ್ಕೆ ಮೂರು ಸಾವಿರ ಗಿಡ ಬೇಕೆಂದ. ಬೆಳವಣಿಗೆ ಕೋಣೆಯಲ್ಲಿ ಆಗ ಸಾವಿರದ ಮುನ್ನೂರು ಬಾಟಲಿ ಕಳ್ಳಿ ಇತ್ತು. ಸೆಪ್ಟೆಂಬರ್ ಕೊನೆಗೆ ಅವನ್ನೆಲ್ಲ ತೆರೆದು, ಚಿಗುರು ಬಿಡಿಸಿ, ಹೊಸ ಬಾಟಲಿಗೆ ಹಾಕುವ ಹೊತ್ತು. ಶ್ರೀಕಂಠಯ್ಯ ಅದನ್ನು ಮೂರು ವಾರ ಮುಂದಕ್ಕೆ ಹಾಕಿ, ವಿಜಯದಶಮಿಯ ಬೆಳಗ್ಗೆ ಒಳ್ಳೆಯ ಮುಹೂರ್ತದಲ್ಲಿ ಶುರುವಾಗಲಿ ಎಂದರು. ಕಳ್ಳಿಗೆ ಆ ಮೂರು ವಾರ ಉಪವಾಸ. ಅದು ಕಳ್ಳಿಯಾದ್ದರಿಂದ ತಡೆದುಕೊಂಡಿತು.

ವಿಜಯದಶಮಿಯ ಹಿಂದಿನ ದಿನ ಆಯುಧ ಪೂಜೆ. ಕೆ.ಆರ್. ಪುರದಿಂದ ಮಹದೇವಪುರದ ತನಕ ಆ ದಿನ ಕುಂಕುಮ ಬೀಳದ ಕಬ್ಬಿಣ ಇರುವುದಿಲ್ಲ. ಲೇತು, ಡ್ರಿಲ್ಲು, ಬಸ್ಸು, ತೂಕದ ಕಲ್ಲು ಎಲ್ಲಕ್ಕೂ ಅರಿಸಿನ, ಹಾರ, ಒಡೆದ ಬೂದುಗುಂಬಳ. ಹಿಂದಿನ ಎರಡು ವರ್ಷ ಲ್ಯಾಬಿನ ಪೂಜೆ ಹೊರಗಿನ ಜನರೇಟರಿಗೆ ಮುಗಿದಿತ್ತು. ಈ ವರ್ಷ ಆರ್ಡರು ಬಂದಿದೆ, ಅನ್ನ ಕೊಡುವ ಯಂತ್ರ ಒಳಗೆ ಕತ್ತಲಲ್ಲಿ ಕೂತಿದೆ, ನಾವು ಡೀಸೆಲ್ ಡಬ್ಬಕ್ಕೆ ಆರತಿ ಎತ್ತುತ್ತಿದ್ದೇವೆ ಎಂದು ಅನಸೂಯಮ್ಮ ನೊಂದುಕೊಂಡರು. ಶ್ರೀಕಂಠಯ್ಯನವರಿಗೂ ಸರಿಯೆನಿಸಿತು. ಗೋವಿಂದಮ್ಮನ ಮನೆಯಲ್ಲಿ ಪೂಜೆ ಇಲ್ಲದ್ದರಿಂದ ಆಕೆಗೆ ಅಂದು ರಜೆ ಕೊಟ್ಟಿದ್ದರು. ಬಾಗಿಲಲ್ಲಿ ಕೈ ಅಡ್ಡ ಹಿಡಿಯುವವರು ಇರಲಿಲ್ಲ.

ಆಯುಧಗಳಿಗೆ ಅಂದು ವಿಶ್ರಾಂತಿ ಕೊಡಬೇಕೆಂಬ ಪದ್ಧತಿಯಂತೆ ಗಾಳಿ ಬೀಸುವ ಬ್ಲೋವರ್, ಏಸಿ ಎಲ್ಲ ಆರಿಸಿದರು. ಚಾಕು ಚಿಮುಟಗಳನ್ನು ಬಾಳೆ ಎಲೆಯ ಮೇಲೆ ಸಾಲಾಗಿ ಇಟ್ಟರು. ಲ್ಯಾಮಿನಾರ್‌ಗೆ ಚೆಂಡುಹೂವಿನ ಹಾರ ಬಿತ್ತು. ಗಾಳಿ ಸೋಸುವ ಪರದೆ ಬೆಳ್ಳಗೆ, ಅಗಲವಾಗಿ, ಅದಕ್ಕೆಂದೇ ಮಾಡಿದಂತೆ ಇತ್ತು. ಅನಸೂಯಮ್ಮ ಒದ್ದೆ ಅರಿಸಿನದ ಮೂರು ಪಟ್ಟೆ ಎಳೆದು, ನಡುವೆ ದೊಡ್ಡದಾಗಿ ಕುಂಕುಮವಿಟ್ಟರು. ಶಿಶಿರ್ ಎಂ.ಎಸ್ಸಿ. ನಿಂಬೆಹಣ್ಣು ಕುಯ್ದು ಎರಡು ಬದಿಗೂ ಇಟ್ಟ. ಸಾಂಬ್ರಾಣಿ ಹೊಗೆ ಮುಚ್ಚಿದ ಕೋಣೆಯಲ್ಲಿ ಹೊರಹೋಗಲು ದಾರಿ ಕಾಣದೆ ಮಾರನೇ ದಿನದವರೆಗೂ ಅಲ್ಲೇ ಉಳಿಯಿತು.

ವಿಜಯದಶಮಿಯಂದು ದೊಡ್ಡಮುನಿಯಪ್ಪ ತನ್ನವರೊಂದಿಗೆ ಹಲಸೂರಿನಲ್ಲಿ ನಡೆಯುವ ಧಮ್ಮದೀಕ್ಷೆಯ ದಿನಾಚರಣೆಗೆ ಹೊರಟ. ಪ್ರತಿ ವರ್ಷ ಜೊತೆಗೆ ಹೋಗುತ್ತಿದ್ದ ಗೋವಿಂದಮ್ಮ ಮುಹೂರ್ತದ ನಿಮಿತ್ತ ಲ್ಯಾಬಿಗೆ ಬಂದಳು. ಒಳಗೆ ಕಾಲಿಟ್ಟು ಪರದೆಯನ್ನು ನೋಡಿದಳು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದಷ್ಟೂ ಕುಂಕುಮ ಪರದೆಯ ಎಳೆಗಳೊಳಗೆ ಇಳಿಯಿತು. ಬ್ಲೋವರ್ ಹಾಕಿದರೆ ಬಿಳಿ ಮೇಜಿನ ಮೇಲೆ ತೆಳ್ಳಗೆ ಕೆಂಪು ಬೀಳುತ್ತಿತ್ತು. ಹೊರಗೆ ಬಂದು ಶಿಶಿರನಿಗೆ ತೋರಿಸಿದಳು.

"ಅದು ಪೂಜೆ ಕುಂಕುಮ ಕಣ್ರೀ, ಪ್ಯೂರ್ ಇರತ್ತೆ," ಎಂದ ಶಿಶಿರ್. "ನಮ್ ಮಾವ ವಾಚ್ ನೋಡ್ತಾ ನಿಂತಿದಾರೆ. ಸುಮ್ನೆ ಸ್ಟಾರ್ಟ್ ಮಾಡಿ."

ಗೋವಿಂದಮ್ಮ ಶುರುಮಾಡಿದಳು. ಐದು ದಿನದಲ್ಲಿ ಆಕೆ ಮತ್ತು ಭೀಮಬಾಯಿ ಸಾವಿರದ ನೂರ ನಲವತ್ತು ಬಾಟಲಿ ತೆರೆದು ಮುಗಿಸಿದರು. ಕೊನೆಯ ನೂರ ಅರವತ್ತು ಬಾಟಲಿಗಳ ಕಪಾಟನ್ನು ಆಕೆ ತೆರೆಯಲಿಲ್ಲ. ಚಿಗುರು ಇನ್ನೂ ಸಣ್ಣದು, ಆಮೇಲೆ ನೋಡೋಣ ಎಂದಳು. ಚಿಗುರು ಸಣ್ಣದಿರಲಿಲ್ಲ.

ಆರನೇ ದಿನ ಬೂಷ್ಟು ಬಂತು. ಮೊದಲು ತುಂಡಿನ ಸುತ್ತ ಬಿಳಿ ಅರಳೆ, ಆಮೇಲೆ ಅದರ ಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು. ಒಂಬತ್ತನೇ ದಿನಕ್ಕೆ ತೆರೆದು ಮುಚ್ಚಿದ ಬಾಟಲಿಗಳಲ್ಲಿ ಒಂದೂ ಉಳಿಯಲಿಲ್ಲ.

ಶ್ರೀಕಂಠಯ್ಯ ತನಿಖೆಗೆ ಆದೇಶಿಸಿದರು. ತನಿಖಾಧಿಕಾರಿ ಶಿಶಿರ್. ಅವನು ಎರಡು ಪುಟದ ಇಂಗ್ಲಿಷ್ ವರದಿ ಬರೆದ. ಪ್ರತಿ ಬಾಟಲಿಯ ಮೇಲೂ ಕತ್ತರಿಸಿದವರ ಗುರುತು ಇರುತ್ತಿತ್ತು. ಕೆಟ್ಟ ಬಾಟಲಿಗಳಲ್ಲಿ ನೂರಕ್ಕೆ ಎಪ್ಪತ್ತರ ಮೇಲೆ 'ಜಿ' ಎಂದಿತ್ತು. ನೂರಕ್ಕೆ ಎಪ್ಪತ್ತು ಬಾಟಲಿಯನ್ನು ಕತ್ತರಿಸಿದ್ದೇ ಗೋವಿಂದಮ್ಮ ಎಂಬುದನ್ನು ವರದಿ ಗಮನಿಸಿರಲಿಲ್ಲ. ವರದಿ ಕೊಟ್ಟ ಕಾರಣ, 'ಆಪರೇಟರ್ ಹೈಜೀನ್', ಅಂದರೆ ಕತ್ತರಿಸಿದವರ ಶುಚಿತ್ವದ ಕೊರತೆ. ವಿಚಾರಣೆಗೆ ಮೊದಲು ಸಿಕ್ಕವನು ಸನಾವುಲ್ಲಾ. ಸೀಸೆಗಳ ಮೇಲೆ ಅನುಮಾನವಿದೆ ಎಂದಾಗ ಅವನು ಆಟೋದಿಂದ ಇಳಿಯದೆ ಉತ್ತರ ಕೊಟ್ಟ.

"ಕ್ಯಾ ಸಾಬ್, ಈಗ ಬಾಟ್ಲಿ ಮೇಲೆ ಹಾಕ್ತೀರಾ? ಇದ್ರಲ್ಲಿ ಜಾಮ್ ತಿಂದೋರೆಲ್ಲ ಶಿವಾಜಿನಗರದಲ್ಲಿ ಚೆನ್ನಾಗವ್ರೆ. ದಿನಾ ನೋಡ್ತೀನಿ ನಾನು."

ಸೀಸೆಯ ಮೇಲಿನ ಆರೋಪ ಬಿದ್ದುಹೋಯಿತು. ಗೋವಿಂದಮ್ಮನದು ಉಳಿಯಿತು. ಶ್ರೀಕಂಠಯ್ಯ ಸಭ್ಯರು; ದೇವಸಂದ್ರದ ನಲ್ಲಿ ನೀರು ಹೇಗಿದೆ, ಮನೆಯ ಹಿಂದೆ ಚರಂಡಿ ಇದೆಯೇ, 'ನಿಮ್ಮ ಕಡೆ' ಹಂದಿ ಸಾಕುತ್ತಾರೆಯೇ ಎಂದು ಮಾತ್ರ ವಿಚಾರಿಸಿದರು. ಅನಸೂಯಮ್ಮ ಅಷ್ಟು ಬಳಸು ದಾರಿ ಹಿಡಿಯಲಿಲ್ಲ. ಆ ಐದು ದಿನದಲ್ಲಿ ಆಕೆ 'ಹೊರಗೆ' ಆಗಿದ್ದಳೋ ಹೇಗೆ, ನಿಜ ಹೇಳಲಿ ಎಂದರು.

"ಅಮ್ಮಾ, ಎರಡೂವರೆ ವರ್ಷದಿಂದ ಪ್ರತಿ ತಿಂಗಳೂ ಆಗಿದೀನಿ, ಪ್ರತಿ ತಿಂಗಳೂ ಕುಯ್ದಿದೀನಿ," ಎಂದಳು ಗೋವಿಂದಮ್ಮ. "ಫಂಗಸ್ಸಿಗೆ ಆವಾಗ ಗೊತ್ತಾಗ್ಲಿಲ್ವಾ?"

ಈ ಉತ್ತರದಿಂದ ಆಕೆಯ ಸ್ಥಿತಿ ಸುಧಾರಿಸಲಿಲ್ಲ. ಮಾರನೇ ದಿನದಿಂದ ಸ್ವಲ್ಪ ಕಾಲ ಸೀಸೆ ತೊಳೆಯುವ ಕಡೆ ಇರಲಿ ಎಂದು ಹೇಳಿಕಳಿಸಿದರು. ಸ್ವಲ್ಪ ಕಾಲ ಎಂದರೆ ಎಷ್ಟು ಎಂದು ಯಾರೂ ಹೇಳಲಿಲ್ಲ, ಕೇಳುವ ಪದ್ಧತಿಯೂ ಇರಲಿಲ್ಲ. ಮೊದಲನೇ ಸ್ಟೂಲಿನ ಮೇಲೆ ಭೀಮಬಾಯಿ ಕೂತಳು. ಗೋವಿಂದಮ್ಮ ಶೆಡ್ಡಿನ ಹಿಂದೆ ಸಿಮೆಂಟ್ ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು ತಾನೇ ಕತ್ತರಿಸಿದ ಕಳ್ಳಿಯನ್ನು, ಬೂಷ್ಟಿನ ಸಮೇತ, ಸೀಸೆಯಿಂದ ಕೆರೆದು ತೆಗೆದಳು. ನೀರಿನಲ್ಲಿ ಬೆರಳ ತುದಿ ಸುಕ್ಕಾಗಿ, ಸಂಜೆ ಮನೆಗೆ ಹೋದರೆ ಸೂಜಿಗೆ ದಾರ ಪೋಣಿಸಲು ಬರುತ್ತಿರಲಿಲ್ಲ. ಹೀಗೆ ಮೂರು ತಿಂಗಳು ಹೋದರೆ ಈ ಕೈ ಮತ್ತೆ ಚಿಮುಟಕ್ಕೆ ಆಗುವುದಿಲ್ಲ ಎಂದು ಆಕೆಗೆ ಗೊತ್ತಿತ್ತು.

ಅಷ್ಟರಲ್ಲಿ ಭೀಮಬಾಯಿ ಪ್ರಯೋಗಕ್ಕೆಂದು ಕತ್ತರಿಸಿದ ಬಾಳೆಯ ಬಾಟಲಿಗಳೂ ಕಪ್ಪಾದವು. ಹಿಂದಿನ ಆಪರೇಟರ್ ಬಿಟ್ಟುಹೋದ ಪರಿಣಾಮ ಎಂದು ಶಿಶಿರ್ ಬರೆದ.

ಗೋವಿಂದಮ್ಮ ಆ ದಿನ ಸೆರಗಿನಲ್ಲಿ ಕೈ ಒರೆಸಿಕೊಂಡು ನೇರವಾಗಿ ಶ್ರೀಕಂಠಯ್ಯನವರ ಮೇಜಿನ ಮುಂದೆ ಹೋಗಿ ನಿಂತಳು. ನ್ಯಾಯ ಕೇಳಿದರೆ ಅವರಿಗೆ ಅರ್ಥವಾಗುವುದಿಲ್ಲವೆಂದು ತಿಳಿದಿದ್ದಳು. ತಪಾಸಣೆ ಕೇಳಿದಳು.

"ಸಾರ್, ಕಾಯಿಲ್ ರಿಜೆಕ್ಟ್ ಆದಾಗ ನೀವೇನ್ ಮಾಡ್ತಿದ್ರಿ? ತಂತಿ ಬೇರೆ, ಮಿಷಿನ್ ಬೇರೆ, ಕೈ ಬೇರೆ ಇಟ್ಟು ನೋಡ್ತಿದ್ರಿ. ಸುತ್ತಿದೋರ್ನ ಮೊದ್ಲೇ ಮನೆಗೆ ಕಳಿಸ್ತಿರ್ಲಿಲ್ಲ. ಇದ್ನೂ ಹಂಗೇ ನೋಡಿ."

ಶ್ರೀಕಂಠಯ್ಯನವರ ಮುಖದಲ್ಲಿ ನಿವೃತ್ತಿಯ ನಂತರ ಕಾಣದಿದ್ದ ಕಳೆ ಬಂತು. ಡ್ರಾಯರಿನಿಂದ ಹಳೆಯ ಕೆಂಪು ಪೆನ್ನು ಹೊರಬಂತು. ಒಂದು ಹಾಳೆಯ ಮೇಲೆ ಅವರು ಸ್ಕೇಲಿಟ್ಟು ಗೆರೆ ಎಳೆದರು. ಆಹಾರ ತುಂಬಿದ ಆರು ಬಾಟಲಿ ತರಿಸಿದರು. ತೆರೆಯುವುದು ಲ್ಯಾಮಿನಾರ್‌ನಲ್ಲಿ ಬೇಡ, ಆರೋಪಿಯ ಮನೆಯಲ್ಲೇ ತನಿಖೆ ಬೇಡ ಎಂದಳು ಗೋವಿಂದಮ್ಮ. ಆಹಾರ ತಯಾರಿಸುವ ಕೋಣೆಯಲ್ಲಿ, ಬಾಗಿಲು ಹಾಕಿ, ಸ್ಪಿರಿಟ್ ದೀಪದ ಪಕ್ಕದಲ್ಲಿ ಮಾಡುವುದೆಂದಾಯಿತು.

ಮೊದಲನೆಯದನ್ನು ಸುಮ್ಮನೆ ತೆರೆದು ಮುಚ್ಚಿದಳು. ಎರಡನೆಯದರಲ್ಲಿ ಸ್ಪಿರಿಟ್ ಸವರಿದ ತನ್ನ ಬೆರಳನ್ನು ಒತ್ತಿದಳು. ಮೂರನೆಯದಕ್ಕೆ ಸನಾವುಲ್ಲಾನ ಸೀಸೆಯೊಂದನ್ನು, ಎಲ್ಲ ಸೀಸೆಗಳನ್ನೂ ಬೇಯಿಸುವಂತೆ ಬೇಯಿಸಿ, ಅದರ ತಳದ ನೀರಿನ ಎರಡು ಹನಿ. ನಾಲ್ಕನೆಯದಕ್ಕೆ ಲ್ಯಾಮಿನಾರ್‌ನ ಪರದೆಯಿಂದ ಕೆರೆದ ಕುಂಕುಮ, ಅರ್ಧ ಸಾಸಿವೆಯಷ್ಟು. ಐದನೆಯದಕ್ಕೆ ಪರದೆಯ ಅಂಚಿನಲ್ಲಿ ಸಿಕ್ಕಿಕೊಂಡಿದ್ದ ಒಣಗಿದ ಚೆಂಡುಹೂವಿನ ಎಸಳು. ಆರನೆಯದು ಉಳಿಯಿತು. ಹೋಲಿಕೆಗೆ ಒಂದು ಶುದ್ಧವಾದ ಮಾದರಿ ಇರಬೇಕೆಂದು ಶ್ರೀಕಂಠಯ್ಯ ತಾವೇ ಬೆರಳು ಚಾಚಿದರು. ಗೋವಿಂದಮ್ಮ ಸ್ಪಿರಿಟ್ ಹತ್ತಿ ಕೊಟ್ಟರೆ, ಬೇಡ, ಈಗಷ್ಟೇ ಸ್ನಾನ ಸಂಧ್ಯಾವಂದನೆ ಮುಗಿಸಿ ಬಂದಿದ್ದೇನೆ ಎಂದರು. ಆರು ಬಾಟಲಿಗೂ ಚೀಟಿ ಅಂಟಿಸಿ, ರುಜು ಹಾಕಿ, ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡರು.

ಆರನೇ ದಿನ ಎಲ್ಲರ ಸಮ್ಮುಖದಲ್ಲಿ ಬೀಗ ತೆಗೆದರು. ಮೊದಲ ಮೂರು ಬಾಟಲಿ ಹಾಗೇ ತಿಳಿಯಾಗಿದ್ದವು. ನಾಲ್ಕನೆಯದರಲ್ಲಿ ಬಿಳಿ ಅರಳೆಯ ಮೇಲೆ ಮೆಣಸಿನ ಪುಡಿ, ಐದನೆಯದರಲ್ಲೂ ಅದೇ. ತೊಟ್ಟಿಯ ಪಕ್ಕ ತೊಳೆಯಲು ಇಟ್ಟಿದ್ದ ಬೂಷ್ಟಿನ ಬಾಟಲಿಯೊಂದನ್ನು ಗೋವಿಂದಮ್ಮ ತಂದು ಪಕ್ಕದಲ್ಲಿಟ್ಟಳು. ವ್ಯತ್ಯಾಸ ಹೇಳಲು ಎಂ.ಎಸ್ಸಿ. ಬೇಕಿರಲಿಲ್ಲ. ಆರನೆಯ ಬಾಟಲಿ ಎಲ್ಲಕ್ಕಿಂತ ಸಮೃದ್ಧವಾಗಿತ್ತು. ಅದರಲ್ಲಿ ಹಳದಿ, ಹಸಿರು ಮತ್ತು ತಿಳಿ ಗುಲಾಬಿ ಬೆಳೆಗಳಿದ್ದವು, ಮಧ್ಯೆ ಕೆನೆಯಂಥದ್ದೊಂದು ಹೊಳೆಯುತ್ತಿತ್ತು. ಶಿಶಿರ್ ಬಗ್ಗಿ ನೋಡಿ, ಕನಿಷ್ಠ ನಾಲ್ಕು ಬಗೆ ಇವೆ ಎಂದ. ಹೇಳಿದ ಮೇಲೆ ಹೇಳಬಾರದಿತ್ತು ಎಂದುಕೊಂಡ.

ಶ್ರೀಕಂಠಯ್ಯ ಕೆಂಪು ಪೆನ್ನಿನ ಮುಚ್ಚಳ ತೆಗೆದರು. ಅವರಲ್ಲಿ ಒಂದು ಗುಣವಿತ್ತು: ತಪಾಸಣೆಯ ಫಲಿತಾಂಶ ಬಂದ ಮೇಲೆ ಅದನ್ನು ತಿದ್ದುತ್ತಿರಲಿಲ್ಲ. ನಾಲ್ಕು ಮತ್ತು ಐದರ ಮುಂದೆ ಕೆಂಪಿನಲ್ಲಿ 'ರಿಜೆಕ್ಟ್' ಎಂದು ಬರೆದರು. ಆರರ ಮುಂದೆ ಪೆನ್ನು ಸ್ವಲ್ಪ ತಡೆದು, 'ಬಾಟಲಿ ದೋಷವಿರಬಹುದು' ಎಂದು ಬರೆಯಿತು. ಎರಡರ ಮುಂದೆ 'ಓಕೆ'. ಕ್ಷಮೆ ಕೇಳುವ ಕಾಲಂ ಆ ಹಾಳೆಯಲ್ಲಿರಲಿಲ್ಲ. ಆದರೆ ಮಾರನೇ ಬೆಳಗ್ಗೆ ಹೊಸ ಪರದೆಗೆ ಆರ್ಡರು ಹೋಯಿತು, ಭೀಮಬಾಯಿ ಎರಡನೇ ಸ್ಟೂಲಿಗೆ ಸರಿದಳು, ಬಾಗಿಲ ಮೇಲೆ ಟೈಪ್ ಮಾಡಿದ ಸೂಚನೆ ಬಂತು: ಗೌನು ಧರಿಸಿದ ಆಪರೇಟರನ್ನು ಬಿಟ್ಟು ಮಾಲೀಕರೂ ಸೇರಿದಂತೆ ಯಾರಿಗೂ ಪ್ರವೇಶವಿಲ್ಲ.

ತೆರೆಯದೆ ಉಳಿಸಿದ್ದ ನೂರ ಅರವತ್ತು ಬಾಟಲಿಗಳಿಂದ ಗೋವಿಂದಮ್ಮ ಮತ್ತೆ ಶುರುಮಾಡಿದಳು. ಹೋಟೆಲ್ ಮಾಲೀಕ ಒಂದು ವರ್ಷ ಕಾಯಲು ಒಪ್ಪಿದ. ಅವನ ತೋಟದ ಕಂಬಗಳೂ ಆಗಿನ್ನೂ ಬಂದಿರಲಿಲ್ಲ, ಅದನ್ನು ಅವನು ಹೇಳಲಿಲ್ಲ. 2000ದ ದಸರಾ ಹತ್ತಿರವಾದಾಗ ಕೋಣೆಯಲ್ಲಿ ಎರಡು ಸಾವಿರ ಬಾಟಲಿ ಹಸಿರಾಗಿ ನಿಂತಿದ್ದವು.

ಹಾಗಿದ್ದರೂ ಆಯುಧ ಪೂಜೆ ಬಿಡುವಂತಿರಲಿಲ್ಲ. ಹೋದ ವರ್ಷ ಪೂಜೆ ಮಾಡಿದ್ದಕ್ಕೆ ನಷ್ಟವಾಯಿತು ಎಂಬುದು ಗೋವಿಂದಮ್ಮನ ಲೆಕ್ಕ. ಮಾಡಿದ ಪೂಜೆ ಸಾಲದೆ ಹೋದದ್ದಕ್ಕೆ ಎಂಬುದು ಅನಸೂಯಮ್ಮನ ಲೆಕ್ಕ. ಶ್ರೀಕಂಠಯ್ಯ ಎರಡನ್ನೂ ತೂಗಿ ವೈಜ್ಞಾನಿಕ ಪರಿಹಾರ ಕಂಡುಹಿಡಿದರು. ಕುಂಕುಮ, ಅರಿಸಿನ, ಅಕ್ಷತೆಗಳನ್ನು ಬೇರೆ ಬೇರೆ ಸೀಸೆಯಲ್ಲಿ ಹಾಕಿ, ಬಾಟಲಿ ಬೇಯಿಸುವ ದೊಡ್ಡ ಕುಕ್ಕರಿನಲ್ಲಿ ಇಪ್ಪತ್ತು ನಿಮಿಷ ಬೇಯಿಸಲಾಯಿತು. ಅಕ್ಷತೆ ಅನ್ನವಾಯಿತು. ಕುಂಕುಮ ಇಟ್ಟಿಗೆ ಬಣ್ಣದ ಗಟ್ಟಿಯಾಗಿ ಸೀಸೆಗೆ ಅಂಟಿಕೊಂಡಿತು. ದೇವಿಯ ಪಟಕ್ಕೆ ಪ್ಲಾಸ್ಟಿಕ್ ಹೊದಿಸಿ ಸ್ಪಿರಿಟ್ಟಿನಲ್ಲಿ ಒರೆಸಿದರು. ಎಲ್ಲವೂ ಸಿದ್ಧವಾಗಿ ಸ್ಟೀಲ್ ತಟ್ಟೆಯಲ್ಲಿ ಕೂತ ಮೇಲೆ ಒಂದು ತೊಡಕು ಕಂಡಿತು. ಒಳಗೆ ಹೋಗಿ ಪೂಜೆ ಮಾಡುವವರು ಯಾರು? ಬಾಗಿಲ ಮೇಲಿನ ಸೂಚನೆಗೆ ಶ್ರೀಕಂಠಯ್ಯನವರದೇ ರುಜು ಇತ್ತು. ಭೀಮಬಾಯಿ ಹಬ್ಬಕ್ಕೆ ಊರಿಗೆ ಹೋಗಿದ್ದಳು. ಗೋವಿಂದಮ್ಮ ಈ ಸಲ ರಜೆ ತೆಗೆದುಕೊಳ್ಳದೆ ಬಾಗಿಲ ಬಳಿಯೇ ಇದ್ದಳು.

ಅವರು ಗೋವಿಂದಮ್ಮನನ್ನು ಪಕ್ಕಕ್ಕೆ ಕರೆದು ವಿಷಯ ತಿಳಿಸಿದರು. ತಟ್ಟೆಯನ್ನು ಒಮ್ಮೆ, ಅವರನ್ನು ಒಮ್ಮೆ ನೋಡಿ, ತಮ್ಮ ಮನೆಯಲ್ಲಿ ಪೂಜೆ ಮಾಡುವುದಿಲ್ಲವೆಂದು ಆಕೆ ಹೇಳಿದಳು.

"ಗೊತ್ತಮ್ಮಾ, ಗೊತ್ತು. ಪೂಜೆ ಅಂತ ಮಾಡ್ಬೇಡಿ," ಎಂದರು ಶ್ರೀಕಂಠಯ್ಯ ಧ್ವನಿ ತಗ್ಗಿಸಿ. "ಪ್ರೊಸೀಜರ್ ಅಂತ ಮಾಡಿ."

"ಮಾಡ್ದೆ ಇದ್ರೆ?"

ಶೆಡ್ಡಿನ ಹಿಂದಿನ ತೊಟ್ಟಿಯ ಕಡೆ ಅವರ ಕಣ್ಣು ಹೋಯಿತೋ, ಹೋಯಿತೆಂದು ಆಕೆಗೆ ಅನಿಸಿತೋ. ಹೆಂಡತಿ ಸ್ವಲ್ಪ ದೂರದಲ್ಲಿ ಗಂಟೆ ಹಿಡಿದು ನಿಂತಿದ್ದರು.

ಗೋವಿಂದಮ್ಮ ಬಳೆ ಕಳಚಿ ಮೊಳೆಗೆ ಹಾಕಿದಳು. ಕೈ ತೊಳೆದು, ಟೋಪಿ, ಗೌನು, ಬಾಯಿಬಟ್ಟೆ ಧರಿಸಿ, ತಟ್ಟೆ ತೆಗೆದುಕೊಂಡು ಎರಡು ಬಾಗಿಲುಗಳ ನಡುವಿನ ಕೋಣೆಗೆ ಹೋದಳು. ಹೊರಗಿನ ಬಾಗಿಲು ಮುಚ್ಚಿತು. ಅಲ್ಲಿದ್ದ ಕಪಾಟಿನ ಮೇಲೆ ತಟ್ಟೆಯನ್ನಿಟ್ಟು, ಅದರ ಮೇಲೊಂದು ಬಟ್ಟೆ ಮುಚ್ಚಿ, ಒಳಗಿನ ಬಾಗಿಲು ತೆರೆದು ಹೋಗಿ ಮೊದಲನೇ ಸ್ಟೂಲಿನ ಮೇಲೆ ಕೂತಳು. ಬ್ಲೋವರ್ ಹಾಕಿದಳು. ದೀಪ ಹಚ್ಚಿದಳು.

ಗೋಡೆಯ ಗಾಜಿನ ಆಚೆಯಿಂದ ಕಾಣುತ್ತಿದ್ದದ್ದು ಬೆನ್ನು, ಬಿಳಿ ಟೋಪಿ, ಅದರ ಪಕ್ಕದಲ್ಲಿ ನೀಲಿ ಜ್ವಾಲೆ. ಬಲಗೈ ದೀಪದ ಕಡೆ ಹೋಗಿ ಬರುತ್ತಿತ್ತು, ತಲೆ ಆಗಾಗ ಬಾಗುತ್ತಿತ್ತು. ಎಷ್ಟು ಶ್ರದ್ಧೆ ನೋಡಿ ಎಂದರು ಅನಸೂಯಮ್ಮ, ಮನಸ್ಸಿಲ್ಲದೆ ಮೆಚ್ಚಿಕೊಂಡು. ಗಂಟೆ ಬಾರಿಸಿದರು. ಶ್ರೀಕಂಠಯ್ಯ ಕೈ ಮುಗಿದರು. ಶಿಶಿರ್ ಗಾಜಿಗೆ ಮೂಗು ತಾಗಿಸಿ ನೋಡಿದ; ಅವನಿಗೆ ಚಿಮುಟ ಕಾಣಿಸಿತು, ಚಿಮುಟದಲ್ಲಿ ಹಸಿರು ತುಂಡು ಕಾಣಿಸಿತು. ಅವನೂ ಕೈ ಮುಗಿದ.

ಐವತ್ತು ನಿಮಿಷದ ಮೇಲೆ ಗೋವಿಂದಮ್ಮ ಹೊರಗೆ ಬಂದು ಬಾಯಿಬಟ್ಟೆ ಕೆಳಗೆಳೆದಳು. ಚೆನ್ನಾಗಿ ಆಯಿತೇ ಎಂದು ಅನಸೂಯಮ್ಮ ಕೇಳಿದರು.

"ಚೆನ್ನಾಗೇ ಆಯ್ತಮ್ಮಾ," ಎಂದಳು. "ಹದಿನೆಂಟು ಬಾಟ್ಲಿ."

ಶ್ರೀಕಂಠಯ್ಯ ಒಂದು ಕ್ಷಣ ಆಕೆಯನ್ನು ನೋಡಿದರು. ಆಮೇಲೆ ರಿಜಿಸ್ಟರ್ ತೆರೆದು, ಆ ದಿನದ ತಾರೀಖಿನ ಮುಂದೆ ಹದಿನೆಂಟು ಎಂದು ಬರೆದು, ರುಜು ಹಾಕಿದರು.